ಬೆರಳೆತ್ತದ ಸಾಕ್ಷಿ

“ಕಣ್ಣು ಮುಚ್ಕೊಳ್ಳಿ” ಎಂದರು ಕಿವಿ ಮೇಡಂ. “ಶಬ್ದ ಕೇಳಿದ ತಕ್ಷಣ ಬೆರಳೆತ್ತಿ. ಕೇಳದಿದ್ರೆ ಸುಮ್ನೆ ಕೂತಿರಿ. ಮಾರ್ಕ್ಸ್ ಏನೂ ಕೊಡಲ್ಲ, ಹೆದರ್ಬೇಡಿ.”

ಅಳಿಯ ಕಣ್ಣು ಮುಚ್ಚಿದ.

ಊಟದ ಕೋಣೆಯ ಉದ್ದ ಮೇಜಿನ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಮೇಡಂ. ನಡುವೆ ಆರಿಹೋದ ಚಹಾದ ಲೋಟಗಳು, ಒಂದು ದುರ್ಬೀನು, ಅರ್ಧ ಬಿಚ್ಚಿದ ನಕ್ಷೆ. ಕಿಟಕಿಯಾಚೆ ಕಾಂಡ್ಲಾ ಕಾಡು. ಉಪ್ಪುನೀರು ಇಳಿದುಹೋಗಿದ್ದರಿಂದ ಮರಗಳೆಲ್ಲ ತಮ್ಮ ಬೇರುಗಳನ್ನು ಊರುಗೋಲಿನಂತೆ ಕೆಸರಿಗೆ ಊರಿಕೊಂಡು ನಿಂತಿದ್ದವು. ಏಡಿಗಳು ಚಿಟಿಕೆ ಹೊಡೆದಂಥ ಸದ್ದು ಒಂದೇ ಸಮನೆ ಒಳಗೆ ಬರುತ್ತಿತ್ತು.

ಮೇಡಂ ಮೊಬೈಲಿನ ಪರದೆ ಮುಟ್ಟಿದರು. ಮೊದಲು ದಪ್ಪ ಸ್ವರ, ದೂರದ ಹಡಗಿನ ಕೊಂಬಿನಂಥದ್ದು. ಬೆರಳು ಎದ್ದಿತು. ಆಮೇಲೆ ಕೊಳಲಿನಷ್ಟು ತೆಳು. ಎದ್ದಿತು. ಮೂರನೆಯದಕ್ಕೆ ತುಸು ತಡವಾಗಿ, ಹೌದೋ ಅಲ್ಲವೋ ಎಂಬ ಅನುಮಾನದಲ್ಲಿ ಎದ್ದಿತು.

ನಾಲ್ಕನೆಯದು ಸೂಜಿಹಕ್ಕಿಯ ಸಿಳ್ಳೆಯಷ್ಟೇ ಚೂಪಾದ ಸ್ವರ.

ಬೆರಳು ಏಳಲಿಲ್ಲ.

ಮೇಡಂ ಶಬ್ದ ಹೆಚ್ಚಿಸಿದರು. ಕಿಟಕಿಯ ಬಳಿ ಕ್ಯಾಮೆರಾ ಒರೆಸುತ್ತ ಕೂತಿದ್ದ ಲೆನ್ಸಮ್ಮ, ಹಲ್ಲು ಜುಂ ಎಂದವಳಂತೆ ಮುಖ ಕಿವುಚಿ, ನಿಲ್ಲಿಸಿ ಎಂದು ಕೈಯಾಡಿಸಿ, ಕಿವಿ ಮುಚ್ಚಿಕೊಂಡಳು. ಅಳಿಯನ ಬೆರಳು ಮೇಜಿನ ಮೇಲೆ ಹಾಗೇ ಮಲಗಿತ್ತು. ಮುಖದಲ್ಲಿ, ಕ್ಷೌರದ ಅಂಗಡಿಯಲ್ಲಿ ಸರದಿ ಕಾಯುವವನ ನೆಮ್ಮದಿ.

“ಮುಂದಿನದು ಹಾಕಿ ಮೇಡಂ” ಎಂದ, ಕಣ್ಣು ಮುಚ್ಚಿಕೊಂಡೇ.

ಮೇಡಂ ಮೊಬೈಲನ್ನು ಮೇಜಿನ ಮೇಲೆ ಕವುಚಿಟ್ಟರು.

ಮೊನ್ನೆ ಬೆಟ್ಟದ ಮಂಜುಕಾಡಿನಲ್ಲಿ, ಹಕ್ಕಿ ನೋಡುವ ಎತ್ತರದ ಅಟ್ಟದಿಂದ ಬಿದ್ದು ಸತ್ತ, ಪ್ರವಾಸದ ತಂಡದವರೆಲ್ಲ ಪಟ್ಟಿ ತಾತ ಎನ್ನುತ್ತಿದ್ದ ಹಿರಿಯರು ಇವನ ಮಾವ. “ಸೂಜಿಹಕ್ಕಿಯ ಸಿಳ್ಳೆ ಕೇಳಿ ಮಾವ ಆ ಕಡೆ ನಡೆದರು, ನಾನೂ ಗೈಡೂ ಕೆಳಗೆ ದಾರಿಯಲ್ಲಿ ನಿಂತು ಅದನ್ನೇ ಕೇಳುತ್ತಿದ್ದೆವು” ಎಂದು ಇನ್‌ಸ್ಪೆಕ್ಟರಿಗೆ ಬರೆದುಕೊಟ್ಟವನು ಇವನೇ.

ಆಸ್ಪತ್ರೆಯೊಂದರ ಗಾಜಿನ ಗೂಡಿನ ಮುಂದೆ ಮೂವತ್ತೊಂದು ವರ್ಷ ಕೂತು ಜನರ ಕಿವಿ ಪರೀಕ್ಷೆ ಮಾಡಿದ್ದರು ಮೇಡಂ. ಕೇಳಿಸಿದರೂ ಕೇಳಿಸದಂತೆ ನಟಿಸುವವರು, ಏನೂ ಕೇಳಿಸದೆ ತಲೆ ಮಾತ್ರ ಆಡಿಸುವವರು, ಎಲ್ಲರನ್ನೂ ನೋಡಿದ್ದರು. ಶಬ್ದ ಕಿವಿಗೆ ಬಿದ್ದವನ ಕಣ್ಣೆವೆ ಬೆರಳಿಗಿಂತ ಮೊದಲೇ ಅಲುಗುತ್ತದೆ. ಇವನ ಎವೆ ಅಲುಗಿರಲಿಲ್ಲ.

“ಕಣ್ಣು ಬಿಡಿ” ಎಂದರು.

“ಮುಗೀತಾ? ಎಷ್ಟು ಕೇಳಿಸ್ತು ನನಗೆ?”

“ಮೂರು.”

“ನೀವು ಹಾಕಿದ್ದೂ ಮೂರೇ ಅಲ್ವಾ?”

ಲೆನ್ಸಮ್ಮನ ಕೈಯಲ್ಲಿ ಕ್ಯಾಮೆರಾ ಒರೆಸುವ ಬಟ್ಟೆ ನಿಂತಿತು.

ಮೇಡಂ ಚೀಲದಿಂದ ಹಸಿರು ರಟ್ಟಿನ ಒಂದು ಪುಸ್ತಕ ತೆಗೆದು, ಅದಕ್ಕೆ ಸುತ್ತಿದ ರಬ್ಬರ್ ಬ್ಯಾಂಡ್ ಬಿಚ್ಚಿದರು. ತಾತನ ಹಕ್ಕಿಪಟ್ಟಿ. ನಿನ್ನೆ ತಾತನ ಪೆಟ್ಟಿಗೆ ಕಟ್ಟಿಕೊಡಿ ಎಂದು ಅಳಿಯನೇ ಕೇಳಿಕೊಂಡಾಗ, ಬಟ್ಟೆಗಳ ನಡುವೆ ಸಿಕ್ಕಿದ್ದು.

“ಇದನ್ನ ಯಾವತ್ತಾದ್ರೂ ಓದಿದ್ದೀರಾ?”

“ನಮ್ಮ ಮಾವನ ಪಟ್ಟೀನಾ? ಅವರ ಮಗಳೇ ಓದಿಲ್ಲ.”

“ಪ್ರತಿ ಹಕ್ಕಿ ಮುಂದೆ ಒಂದು ಗುರುತು ಹಾಕಿದ್ದಾರೆ. ‘ಕಂ’ ಅಂದ್ರೆ ಕಂಡಿದ್ದು, ‘ಕೇ’ ಅಂದ್ರೆ ಕೇಳಿದ್ದು. ಹಳೇ ಪುಟಗಳಲ್ಲಿ ಎರಡೂ ಸಮಸಮ ಇವೆ. ಈಚಿನ ಪುಟಗಳಲ್ಲಿ ಬರೀ ಕಂ, ಕಂ, ಕಂ. ಬೆಟ್ಟಕ್ಕೆ ಮುಂಚೆ ಹೋಗಿದ್ವಲ್ಲ, ಆ ಹುಲ್ಲುಗಾವಲಲ್ಲಿ ಬರೆದಿದ್ದು ನೋಡಿ, ನಲವತ್ತೆರಡು ಹಕ್ಕಿ. ಕೇ ಎರಡೇ. ಒಂದು ಗೂಬೆ, ಇನ್ನೊಂದು ಕಾಗೆ.”

ಅಳಿಯ ಪುಸ್ತಕದತ್ತ ಬಾಗಿದ.

ಮೇಡಂ ಕೊನೆಯ ಪುಟ ತಿರುಗಿಸಿ ಓದಿದರು. ತಾತ ಸಾಯುವ ಹಿಂದಿನ ಸಂಜೆ, ಬೆಟ್ಟದ ವಸತಿಗೃಹದಲ್ಲಿ ಕೂತು ಬರೆದದ್ದು. ಅಕ್ಷರಗಳು ಗುಂಡಗೆ, ತಪ್ಪಿಲ್ಲದೆ ಇದ್ದವು.

“‘ಸೂಜಿಹಕ್ಕಿ. ಹದಿನಾರು ವರ್ಷದಲ್ಲಿ ನಾಲ್ಕು ಸಲ ಕಂ. ಒಂದು ಸಲವೂ ಕೇ ಇಲ್ಲ. ಇನ್ನು ಈ ಕಿವಿಗೆ ಆ ಭಾಗ್ಯವಿಲ್ಲ. ಪುಟ್ಟಿ ಕೇಳಿಸಿಕೊಂಡು ಹೇಳಿದರೆ ಅದನ್ನೇ ನನ್ನದೆಂದು ಬರೆದುಕೊಳ್ಳುವೆ.’”

ಪುಟ್ಟಿ ಮೇಡಂ ಅವರ ಅಕ್ಕನ ಮಗಳು. ಅಕ್ಕ ಹೋದ ಮೇಲೆ ಅವರೇ ಸಾಕಿದ್ದು. ಹಕ್ಕಿಗಳ ದನಿ ಮುದ್ರಿಸುವುದೇ ಅವಳ ಕೆಲಸ. ಈ ಪ್ರವಾಸಕ್ಕೆ, “ಬಾ ಚಿಕ್ಕಮ್ಮ, ಜನರ ಕಿವಿ ಸಾಕು, ಸ್ವಲ್ಪ ಹಕ್ಕಿಗಳ ಬಾಯಿ ನೋಡು” ಎಂದು ಎಳೆದುತಂದವಳೂ ಅವಳೇ.

“ನಿಮ್ಮ ಮಾವನಿಗೆ ಆ ಸಿಳ್ಳೆ ಕೇಳಿಸ್ತಿರಲಿಲ್ಲ” ಎಂದರು ಮೇಡಂ. “ನಿಮಗೂ ಕೇಳಿಸಲ್ಲ, ಈಗ ತಾನೇ ನೋಡಿದೆ. ಏನು ಕೆಲಸ ನಿಮ್ಮದು?”

“ಮುದ್ರಣಾಲಯ. ಇಪ್ಪತ್ತಾರು ವರ್ಷದಿಂದ ಯಂತ್ರದ ಪಕ್ಕಾನೇ…”

“ಅದೇ ನಿಮ್ಮ ಕಿವಿ ತಿಂದುಹಾಕಿದೆ. ಇಬ್ಬರಿಗೂ ಕೇಳಿಸದ ಶಬ್ದ. ಒಬ್ಬರು ಅದರ ಹಿಂದೆ ಹೋದ್ರು, ಇನ್ನೊಬ್ಬರು ನಿಂತು ಕೇಳಿದ್ರು ಅಂತ ಪೊಲೀಸರಿಗೆ ಬರ್ಕೊಟ್ಟಿದ್ದೀರಿ. ಯಾಕೆ?”

“ನಾನು… ನನಗೆ ಕೇಳಿಸಿದ ಹಾಗೆ ಅನ್ನಿಸ್ತು.”

“ಎಲ್ಲಿ ನಿಂತಿದ್ರಿ?”

“ದಾರೀಲಿ.”

“ಕಾಲಿಗೆ ಏನು ಹಾಕಿದ್ರಿ?”

“ಏನು… ಚಪ್ಪಲಿ.”

“ಆ ಕಾಡಲ್ಲಿ ಬೆಳಗಿನ ಹೊತ್ತು ಚಪ್ಪಲಿ ಹಾಕ್ಕೊಂಡು ಹತ್ತು ನಿಮಿಷ ನಿಂತ್ರೆ ಕಾಲಿಗೆ ಇಪ್ಪತ್ತು ಜಿಗಣೆ. ನಿಮ್ಮ ಕಾಲಲ್ಲಿ ಒಂದು ಕಚ್ಚಿದ ಗುರುತಿಲ್ಲ. ಎಲ್ಲಿದ್ರಿ, ಸತ್ಯ ಹೇಳಿ.”

ಅಳಿಯ ಎದ್ದ. ಕುರ್ಚಿ ಹಿಂದಕ್ಕೆ ಉರುಳಿತು. ಅವನು ಹೊರಗೆ ಓಡುತ್ತಾನೋ, ತಮ್ಮ ಮೇಲೇ ಬೀಳುತ್ತಾನೋ ಎಂದು ಮೇಡಂ ಪುಸ್ತಕವನ್ನು ಎದೆಗವಚಿಕೊಂಡರು. ಆದರೆ ಅವನು ಎರಡೂ ಮಾಡಲಿಲ್ಲ. ಉರುಳಿದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಅದರ ಬೆನ್ನು ಹಿಡಿದುಕೊಂಡು ಅಳಲು ಶುರುಮಾಡಿದ.

“ಮಲಗಿದ್ದೆ ಮೇಡಂ. ಹಾಸಿಗೇಲಿದ್ದೆ.”

“ಮಲಗಿದ್ರಾ?”

“ಹೊರಡೋವಾಗ ನನ್ನ ಹೆಂಡತಿ ಹೇಳಿದ್ದು ಒಂದೇ ಮಾತು, ‘ಅಪ್ಪನ ಕೈ ಬಿಡಬೇಡಿ’ ಅಂತ. ಅವತ್ತು ಮಾವ ಬಂದು ಎಬ್ಬಿಸಿದ್ರು. ಚಳಿ ಅಂತ ಹೊದಿಕೆ ಎಳ್ಕೊಂಡೆ. ‘ಮಲಗಪ್ಪ, ಮಲಗು’ ಅಂತ ಹೋದ್ರು. ಇವತ್ತು ಸಂಜೆ ಬಸ್ಸಿಗೆ ಅವಳು ಬರ್ತಾಳೆ. ಏನಂತ ಮುಖ ತೋರಿಸಲಿ?”

ಅವನ ಮೇಲೆ ಮೇಡಂ ಅವರಿಗೆ ಕರುಣೆಯೂ ಬಂತು, ಕೆನ್ನೆಗೆ ಬಾರಿಸಬೇಕೆಂದೂ ಅನ್ನಿಸಿತು.

“ಹಾಗಾದ್ರೆ ಸಿಳ್ಳೆ ಅನ್ನೋದು ಒಂದಿತ್ತು ಅಂತ ನಿಮಗೆ ಹೇಳಿದ್ದು ಯಾರು?”

“ಗೈಡ್.”

“ಯಾವಾಗ?”

“ಎಲ್ಲ ಆದ ಮೇಲೆ. ಓಡಿಬಂದು ನನ್ನ ಎಬ್ಬಿಸಿದ್ದೇ ಅವನು. ‘ನೀವು ಮಲಗಿದ್ರಿ ಅಂತ ಗೊತ್ತಾದ್ರೆ ನಿಮಗೆ ಮನೇಲಿ ಕಷ್ಟ. ನಾನು ಜೊತೇಲಿರಲಿಲ್ಲ ಅಂತ ಗೊತ್ತಾದ್ರೆ ನನ್ನ ಕೆಲಸ ಹೋಗತ್ತೆ. ಇಬ್ರೂ ದಾರೀಲಿದ್ವಿ ಅನ್ನೋಣ’ ಅಂದ. ಅವನ ತುಟಿ ನಡುಗ್ತಿತ್ತು ಮೇಡಂ. ನಾನು ಒಪ್ಕೊಂಡೆ.”

“ಅವನು ಎಲ್ಲಿದ್ದ, ಕೇಳಲಿಲ್ವಾ?”

“ಕೇಳ್ದೆ. ‘ಅದನ್ನ ಮಾತ್ರ ಕೇಳ್ಬೇಡಿ’ ಅಂದ.”

ಹೊರಗೆ ಏಡಿಗಳ ಸದ್ದು ಕಡಿಮೆಯಾಗಿತ್ತು. ಅದು ಯಾಕೆಂದು ಯೋಚಿಸುವ ಸ್ಥಿತಿಯಲ್ಲಿ ಮೇಡಂ ಇರಲಿಲ್ಲ.

“ಗೈಡಾ?” ಎಂದಳು ಲೆನ್ಸಮ್ಮ ಮೆಲ್ಲಗೆ. “ಆ ಸಾಧು ಮನುಷ್ಯನಾ?”

ಮೇಡಂ ಎದ್ದು ಕೋಣೆಯಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದರು. ಅವರಿಗೆ ಜೋರಾಗಿ ಹೇಳಿಕೊಂಡರೇ ಯೋಚನೆ ಓಡುವುದು.

“ಸಿಳ್ಳೆ ಇತ್ತು. ಅದು ಸುಳ್ಳಲ್ಲ. ನಾನೇ ಕೇಳಿದೆ, ಬಾಯಲ್ಲಿ ಬ್ರಷ್ ಇಟ್ಕೊಂಡು. ಮೂರು ಸಲ. ಮೂರಕ್ಕೂ ನಡುವೆ ಒಂದೇ ಅಳತೆ ಬಿಡುವು. ಬದುಕಿರೋ ಹಕ್ಕಿ ಅಷ್ಟು ಲೆಕ್ಕಾಚಾರವಾಗಿ ಕೂಗಲ್ಲ. ಅದೂ ಅಲ್ದೆ ಈ ತಿಂಗಳು ಸೂಜಿಹಕ್ಕಿ ಬಾಯೇ ಬಿಡಲ್ಲ ಅಂತ ವ್ಯಾನಲ್ಲಿ ಗೈಡೇ ಹೇಳಿದ್ದ. ಅಂದ್ರೆ ಯಾರೋ ಮೊಬೈಲಲ್ಲಿ ಹಾಕಿದ್ದು.”

“ಮಾವನ್ನ ಕರೆಯೋಕೆ” ಎಂದ ಅಳಿಯ.

“ಕೇಳದ ಮನುಷ್ಯನ್ನ ಸಿಳ್ಳೆ ಹಾಕಿ ಯಾರಾದ್ರೂ ಕರೀತಾರೇನ್ರೀ?”

ಹೇಳಿದ ಮೇಲೆ ಮೇಡಂ ನಿಂತಲ್ಲೇ ನಿಂತುಬಿಟ್ಟರು.

ಅಟ್ಟದ ತುದಿಯಲ್ಲಿ ಸಾಮಾನು ಮೇಲೆಳೆಯಲು ಬಿಟ್ಟ ಒಂದು ಸಂದಿ. ಅದಕ್ಕೆ ಅಡ್ಡ ಹಾಕಿದ ಸರಪಳಿ. ಆ ದಿನ ಸರಪಳಿ ಕೊಕ್ಕೆಯಿಂದ ಕಳಚಿ ನೇತಾಡುತ್ತಿತ್ತು. ಮಂಜು ಎಷ್ಟಿತ್ತೆಂದರೆ ಚಾಚಿದ ಕೈ ಕಾಣುತ್ತಿರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಆ ಅಟ್ಟ ಹತ್ತುತ್ತಿದ್ದವಳು, ಸಿಳ್ಳೆ ಕೇಳಿದರೆ ಹೆಜ್ಜೆ ನೋಡದೆ ಅದರತ್ತ ನಡೆಯುವವಳು, ಇಡೀ ತಂಡದಲ್ಲಿ ಒಬ್ಬಳೇ.

ಆ ದಿನ ಅವಳು ಅರ್ಧ ದಾರಿಯಿಂದ ಹಿಂದಿರುಗಿದ್ದಳು. ಜಿಗಣೆ ಕಾಲುಚೀಲ ಮರೆತಿದ್ದಳೆಂದು. ಹಿಂದೆ ಬರುತ್ತಿದ್ದ ತಾತ, “ನಾನು ಮುಂದೆ ಹೋಗಿರ್ತೀನಿ ಮರಿ” ಎಂದು ಹತ್ತಿ, ಹಕ್ಕಿ ಕಂಡೀತೇನೋ ಎಂದು ಅಟ್ಟದ ತುದಿಯವರೆಗೆ ನಡೆದಿದ್ದರು.

“ಅದು ತಾತನಿಗೆ ಒಡ್ಡಿದ ಬಲೆ ಅಲ್ಲ” ಎಂದರು ಮೇಡಂ. ತಮ್ಮ ದನಿ ಯಾರದೋ ಎಂಬಂತೆ ಅವರಿಗೇ ಕೇಳಿಸಿತು. “ಅದು ಪುಟ್ಟಿಗೆ.”

“ಆ ಹುಡುಗಿ ಯಾರಿಗೆ ಏನು ಮಾಡಿದ್ದಾಳೆ?” ಎಂದಳು ಲೆನ್ಸಮ್ಮ.

“ಗೊತ್ತಿಲ್ಲ. ಹುಲ್ಲುಗಾವಲಲ್ಲಿ ಒಂದು ಪೊದೆ ಕೆಳಗೆ ರೆಕಾರ್ಡರ್ ಇಟ್ಟು ಇಡೀ ಮಧ್ಯಾಹ್ನ ಬಿಟ್ಟು ಬಂದಿದ್ಲು. ಊಟಕ್ಕೆ ಕೂತಾಗ ತಮಾಷೆ ಮಾಡಿದ್ಲಲ್ಲ, ‘ಹಕ್ಕಿಗಿಂತ ಮನುಷ್ಯರ ಮಾತೇ ಜಾಸ್ತಿ ಸಿಕ್ಕಿರತ್ತೆ, ಪೂರ್ತಿ ಕೇಳೋಕೆ ಇನ್ನೂ ಟೈಮಾಗಿಲ್ಲ’ ಅಂತ. ಮಾರನೇ ದಿನ ಬೆಟ್ಟದ ರೂಮಲ್ಲಿ ಅವಳ ಬ್ಯಾಗು ಯಾರೋ ತಡಕಾಡಿದ್ರು. ಇಲಿ ಇರಬೇಕು ಅಂತ ನಕ್ಕುಬಿಟ್ಲು, ದಡ್ಡಿ.”

ಲೆನ್ಸಮ್ಮ ಕ್ಯಾಮೆರಾವನ್ನು ನಿಧಾನವಾಗಿ ಅದರ ಪೆಟ್ಟಿಗೆಯಲ್ಲಿಟ್ಟಳು.

“ಮೇಡಂ” ಎಂದಳು. “ಪುಟ್ಟಿ ಈಗ ಗೈಡ್ ಜೊತೇಲಿದ್ದಾಳೆ.”

ಅದು ಮೂವರಿಗೂ ಗೊತ್ತಿದ್ದ ವಿಷಯವೇ. ಇನ್‌ಸ್ಪೆಕ್ಟರ್ ಬೆಟ್ಟದ ವಸತಿಗೃಹಕ್ಕೆ ಬೀಗ ಹಾಕಿಸಿ, ಮೊದಲೇ ಗೊತ್ತುಮಾಡಿದ್ದ ಈ ಉಪ್ಪುಹೊಳೆಯ ಮನೆಗೆ ಎಲ್ಲರನ್ನೂ ಕಳಿಸಿ, ತಾನು ಬರುವವರೆಗೆ ಊರು ಬಿಡಬಾರದೆಂದಿದ್ದ. ಕೋಣೆಯಲ್ಲಿ ಕೂತರೆ ತಾತನೇ ಕಣ್ಮುಂದೆ ಬರುತ್ತಾರೆಂದು ಪುಟ್ಟಿ ಬೆಳಿಗ್ಗೆ ಚಿಕ್ಕ ದೋಣಿ ಹತ್ತಿದ್ದಳು. ಹೊಳೆಬಾಯಿಯ ಕೆಸರುದಿಬ್ಬದಲ್ಲಿ ಉದ್ದಕಾಲಿನ ಹಕ್ಕಿಗಳು ಮೇಯುತ್ತವೆ, ನೀರು ಏರುವ ಮುಂಚೆ ಕರೆತರುತ್ತೇನೆ ಎಂದು ಹುಟ್ಟು ಹಿಡಿದವನು ಗೈಡ್. ಆಗ ಮೇಡಂ ಅವರೇ ಕೈ ಬೀಸಿ ಕಳಿಸಿದ್ದರು.

ಅವರು ಪುಟ್ಟಿಯ ನಂಬರಿಗೆ ಫೋನ್ ಮಾಡಿದರು.

ಮೇಜಿನ ಮೇಲೆ, ನಕ್ಷೆಯ ಅಡಿಯಲ್ಲಿ, ಏನೋ ಗುಂಯ್‌ಗುಟ್ಟಿತು. ಪುಟ್ಟಿಯ ಮೊಬೈಲು. ರೆಕಾರ್ಡಿಂಗಿಗೆ ಅಡ್ಡಿ ಎಂದು ಅವಳು ಯಾವಾಗಲೂ ಬಿಟ್ಟೇ ಹೋಗುತ್ತಿದ್ದಳು.

ಮೇಡಂ ಓಡಿದರು. ಐವತ್ತೊಂಬತ್ತು ವರ್ಷದ ಮಂಡಿಗಳು ಬೇಡವೆಂದರೂ ಓಡಿದರು.

ದೋಣಿಕಟ್ಟೆಯ ಕೆಳಗಿನ ನಾಲ್ಕು ಮೆಟ್ಟಿಲು ಆಗಲೇ ಮುಳುಗಿದ್ದವು. ಅರ್ಧ ಗಂಟೆಯ ಹಿಂದೆ ಅಲ್ಲಿ ಕೆಸರಿತ್ತು, ಏಡಿಗಳಿದ್ದವು. ಈಗ ಕಂದು ಬಣ್ಣದ ನೀರು ಸದ್ದಿಲ್ಲದೆ ಮೇಲೇರುತ್ತಿತ್ತು, ಬೇರುಗಳನ್ನು ಒಂದೊಂದಾಗಿ ನುಂಗುತ್ತ. ಮೋಟಾರು ದೋಣಿ ಹಗ್ಗದಲ್ಲಿ ಎಳೆದಾಡುತ್ತಿತ್ತು. ಅದನ್ನು ನಡೆಸುವವನು ಡೀಸೆಲ್ ತರಲು ಹೋದವನು ಇನ್ನೂ ಬಂದಿರಲಿಲ್ಲ.

“ನಾನು ಓಡಿಸ್ತೀನಿ” ಎಂದಳು ಹಿಂದಿನಿಂದ ಬಂದ ಲೆನ್ಸಮ್ಮ. “ಹತ್ತು ವರ್ಷ ನದಿಗಳ ಮೇಲೇ ಫೋಟೋ ತೆಗ್ದಿದ್ದೀನಿ. ಟ್ಯಾಂಕಲ್ಲಿ ಇರೋದು ಸಾಕು. ಹತ್ತಿ.”

“ನಾನೂ ಬರ್ತೀನಿ” ಎಂದ ಅಳಿಯ, ಏದುಸಿರು ಬಿಡುತ್ತ.

“ನೀವು ಇಲ್ಲೇ ಇದ್ದು ಇನ್‌ಸ್ಪೆಕ್ಟರಿಗೆ ಫೋನ್ ಮಾಡಿ” ಎಂದರು ಮೇಡಂ. “ಈಗ ನನಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳಿ. ಒಂದಕ್ಷರ ಬಿಡದೆ.”

ದೋಣಿ ಹೊರಟಿತು. ಮೇಡಂ ಮುಂದಿನ ಹಲಗೆಯ ಮೇಲೆ ಕೂತು, ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡರು. ಹಿಂದೆ ಎಂಜಿನ್ನಿನ ಬಳಿ ಲೆನ್ಸಮ್ಮ. ಎರಡೂ ಬದಿಗೆ ಗೋಡೆ ಕಟ್ಟಿದಂತೆ ಕಾಂಡ್ಲಾ ಮರಗಳು. ಆಕಾಶ ನೆತ್ತಿಯ ಮೇಲೆ ಒಂದು ಪಟ್ಟಿಯಷ್ಟೇ. ಕೊಂಬೆಯೊಂದರಿಂದ ನೀಲಿ ಮಿಂಚುಳ್ಳಿ ಹಾರಿ ಅಡ್ಡ ಹೋಯಿತು. ಮೊನ್ನೆಯಾದರೆ ನಾಲ್ಕು ಜನ ಒಟ್ಟಿಗೆ “ಅಗೋ!” ಎನ್ನುತ್ತಿದ್ದರು.

ತಿರುವು. ಇನ್ನೊಂದು ತಿರುವು. ನೀರಿನಲ್ಲಿ ತೇಲುವ ಪ್ರತಿ ಕೊರಡೂ ಒಂದು ಕ್ಷಣ ತಲೆಯಂತೆ ಕಾಣುತ್ತಿತ್ತು. ನಾನೇ ಕೈ ಬೀಸಿ ಕಳಿಸಿದೆ. ನಾನೇ. ಅಕ್ಕನಿಗೆ ಏನು ಹೇಳಲಿ?

ಹೊಳೆಬಾಯಿ ಇದ್ದಕ್ಕಿದ್ದಂತೆ ತೆರೆದುಕೊಂಡಿತು. ಬೆಳಕು ಕಣ್ಣಿಗೆ ಹೊಡೆಯಿತು.

ಮೊದಲು ಕಂಡದ್ದು ಪುಟ್ಟಿ.

ಬದುಕಿದ್ದಳು. ಕೆಸರುದಿಬ್ಬದ ದೂರದ ತುದಿಯಲ್ಲಿ, ಒಂಟಿ ಮರದ ಬೇರುಗಳ ಮೇಲೆ ನಿಂತಿದ್ದಳು, ಇವರಿಗೆ ಬೆನ್ನು ಹಾಕಿ. ಕಿವಿಗೆ ದಪ್ಪ ಹೆಡ್‌ಫೋನು. ಕೈಯಲ್ಲಿ ಉದ್ದ ಮೈಕು, ಕಡಲಿನ ಕಡೆಗೆ ಚಾಚಿದ್ದಳು. ಅಲ್ಲಿ ನೂರಾರು ಬೂದು ಹಕ್ಕಿಗಳು ಒಟ್ಟಿಗೆ ಕೂಗುತ್ತಿದ್ದವು. ಅವಳ ಹಿಂದೆ ನೀರು ದಿಬ್ಬವನ್ನು ಎರಡೂ ಕಡೆಯಿಂದ ಬಳಸಿಕೊಂಡು ಬರುತ್ತಿತ್ತು. ಅವಳು ತಿರುಗಿ ನೋಡಿರಲಿಲ್ಲ.

“ಪುಟ್ಟೀ!” ಎಂದು ಮೇಡಂ ಕಿರುಚಿದರು. ಎಂಜಿನ್ನಿನ ಸದ್ದು ಆ ಕೂಗನ್ನು ಅಲ್ಲೇ ಅಡಗಿಸಿತು.

ಆಮೇಲೆ ಗೈಡ್ ಕಂಡ.

ದಿಬ್ಬದ ಈಚೆ ಅಂಚಿನಲ್ಲಿ, ಸೊಂಟದವರೆಗೆ ಕೆಸರಿನಲ್ಲಿ ಹೂತುಹೋಗಿದ್ದ. ಅವನ ಪಕ್ಕದಲ್ಲಿ ಚಿಕ್ಕ ದೋಣಿ ಮುಕ್ಕಾಲು ಮುಳುಗಿ, ಮೂತಿ ಮಾತ್ರ ಮೇಲೆ ಕಾಣುತ್ತಿತ್ತು. ತುಂಬಿಹೋಗುತ್ತಿದ್ದ ದೋಣಿಯನ್ನು ಎಳೆಯಲು ಇಳಿದು ಸಿಕ್ಕಿಕೊಂಡಿರಬೇಕು. ನೀರು ಅವನ ಎದೆಯ ಹತ್ತಿರ ಬಂದಿತ್ತು.

ಅವನು ಎರಡೂ ಕೈ ಎತ್ತಿ ಬೀಸಿದ. ಏನೋ ಕೂಗಿದ.

ಕೇಳಿಸಲಿಲ್ಲ. ಆದರೆ ಕಿವುಡರ ಎದುರು ಅಷ್ಟು ವರ್ಷ ಕೂತವರಿಗೆ ತುಟಿ ಓದುವುದು ಒಂದಿಷ್ಟು ಬರುತ್ತದೆ. ಮೇಡಂ ಕಣ್ಣು ಕಿರಿದು ಮಾಡಿ ಅವನ ಬಾಯಿಯನ್ನೇ ನೋಡಿದರು. ತುಟಿ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು. ಮ, ಬ, ಪ ಮೂರೂ ತುಟಿಯ ಮೇಲೆ ಒಂದೇ ಥರ. ಬನ್ನಿ ಎನ್ನುತ್ತಿದ್ದಾನೆ. ಅಲ್ಲ. ಬನ್ನಿ ಅಷ್ಟು ಉದ್ದವಿಲ್ಲ.

ಬರಬೇಡಿ.

ಕಾಪಾಡಿ ಎನ್ನಬೇಕಾದ ಮನುಷ್ಯ ಬರಬೇಡಿ ಎನ್ನುತ್ತಿದ್ದ. ಅವನ ಕಣ್ಣಲ್ಲಿದ್ದದ್ದು ಕೊಲೆಗಾರನ ಕಳ್ಳನೋಟವಲ್ಲ. ಹುಲಿಯನ್ನು ಎದುರು ಕಂಡವನ ಹೆದರಿಕೆ. ಅವನು ಒಂದು ಕೈ ಇಳಿಸಿ, ಇನ್ನೊಂದರ ಬೆರಳನ್ನು ಚಾಚಿದ. ಮೇಡಂ ಅವರ ಕಡೆಗಲ್ಲ. ಅವರ ಹೆಗಲಿನಾಚೆಗೆ, ದೋಣಿಯ ಹಿಂಭಾಗಕ್ಕೆ.

ಎಂಜಿನ್ ನಿಂತಿತು.

ಒಮ್ಮೆಲೇ ಎಲ್ಲ ಶಬ್ದಗಳೂ ಮರಳಿ ಬಂದವು. ದೋಣಿಯ ಅಡಿಗೆ ತಾಗುವ ನೀರು, ದೂರದ ಹಕ್ಕಿಗಳ ಗದ್ದಲ, ಅದರ ನಡುವೆ ಗೈಡನ ಒಡಕು ದನಿ:

“ಸರಪಳಿ ಬಿಚ್ಚಿದ್ದು ಅವಳು ಮೇಡಂ! ನಾನು ಕಣ್ಣಾರೆ ನೋಡ್ದೆ! ಹೇಳ್ಬಾರ್ದು ಅಂತ ನನ್ನ ಮಗಳ ಮೇಲೆ…”

ಅಲೆಯೊಂದು ಅವನ ಬಾಯಿಗೆ ಬಡಿದು ಮಾತು ಮುಳುಗಿತು.

ಮೇಡಂ ತಿರುಗಿದರು. ದೋಣಿ ತಾನಾಗಿಯೇ ಅಡ್ಡಕ್ಕೆ ವಾಲಿ, ದಿಬ್ಬದಿಂದ ದೂರ, ಆಳದ ಕಡೆಗೆ ಜಾರುತ್ತಿತ್ತು. ಲೆನ್ಸಮ್ಮ ಎದ್ದು ನಿಂತಿದ್ದಳು. ಹುಟ್ಟುಗೋಲನ್ನು ಹಲಗೆಯಡಿಯಿಂದ ಎಳೆದು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಆತುರವೂ ಇರಲಿಲ್ಲ. ಪೊದೆಯ ಮರೆಯಲ್ಲಿ ಗಂಟೆಗಟ್ಟಲೆ ಅಲುಗದೆ ಕೂತು, ಹಕ್ಕಿ ತಾನಾಗಿಯೇ ಚೌಕಟ್ಟಿನೊಳಗೆ ಬರುವವರೆಗೆ ಕಾಯುವವರ ಸಹನೆ ಇತ್ತು.

“ಮೇಡಂ” ಎಂದಳು, ಚಹಾಕ್ಕೆ ಸಕ್ಕರೆ ಎಷ್ಟು ಎಂದು ಕೇಳುವಷ್ಟು ಮೆತ್ತಗೆ. “ನಿಮಗೆ ಈಜು ಬರತ್ತಾ?”